ಈಜೈನಾದ ಆಮೆ ನಾಣ್ಯ: ಉಳಿ ಕಚ್ಚು ಬಿದ್ದಿರೋದನ್ನ ತಗೊಳ್ಳಬಹುದಾ?

ಬೆಳ್ಳಿಕಾಸು:
ಎಲ್ಲರಿಗೂ ನಮಸ್ಕಾರ. ಸದ್ಯ ಮ್ಯೂನಿಕ್‌ನಲ್ಲಿದ್ದೇನೆ. ಊರಲ್ಲಿದ್ದಾಗ ಪಂಚ್‌ಮಾರ್ಕ್ ನಾಣ್ಯಗಳ (ಬೆಳ್ಳಿ ತುಂಡಿನ ಮೇಲೆ ಮುದ್ರೆ ಒತ್ತಿದ ನಮ್ಮ ಪ್ರಾಚೀನ ನಾಣ್ಯ) ಹುಚ್ಚಿತ್ತು, ಈಗ ಹಳೇ ಗ್ರೀಕ್ ಬೆಳ್ಳಿಯ ಕಡೆ ಮನಸ್ಸು ಹೋಗಿದೆ. ಕ್ರಿ.ಪೂ. 480ಕ್ಕಿಂತ ಹಿಂದಿನದು ಮಾತ್ರ ಸಾಕು. ಒಂದು ಹರಾಜಿನಲ್ಲಿ ಗ್ರೀಸ್‌ನ ಈಜೈನಾ ದ್ವೀಪದ ಸ್ಟೇಟರ್ ಅನ್ನೋ ಬೆಳ್ಳಿ ನಾಣ್ಯ ಬಂದಿದೆ. ತೂಕ 12.1 ಗ್ರಾಂ. ಮುಂದೆ ಕಡಲಾಮೆ, ಹಿಂದೆ ಬರೀ ತಗ್ಗು. ಆದರೆ ಆಮೆಯ ಬೆನ್ನಿಗೆ ಯಾರೋ ಉಳಿಯಲ್ಲಿ ಕಚ್ಚು ಹಾಕಿದ್ದಾರೆ, ಅದಕ್ಕೇ ಬೆಲೆ ಇಳಿದಿದೆ. ಆನ್‌ಲೈನ್‌ನಲ್ಲಿ ಒಂದು ಗಾಯವೂ ಇಲ್ಲದ, ಫಳಫಳ ಹೊಳೆಯೋ ಆಮೆ ಅದಕ್ಕಿಂತ ಅಗ್ಗಕ್ಕೆ ಸಿಗ್ತಿದೆ. ಯಾವುದಕ್ಕೆ ಕೈ ಹಾಕಲಿ?

ಹಳೇಚಿಲ್ಲರೆ:
ಫಳಫಳದ ಆಸೆ ಬಿಡಿ ಮೊದಲು. ಕಚ್ಚು ಬಿದ್ದಿರೋದನ್ನೇ ನೋಡಿ. ಆ ಕಾಲದಲ್ಲೇ ತಾಮ್ರಕ್ಕೆ ಬೆಳ್ಳಿ ಹೊದಿಸಿದ ಕಳ್ಳ ನಾಣ್ಯಗಳಿದ್ದವು. ಈಜಿಪ್ಟ್ ಕಡೆ ಗ್ರೀಕ್ ನಾಣ್ಯ ಅಂದರೆ ಬರೀ ಬೆಳ್ಳಿ, ತೂಕ ಹಾಕಿ ತಗೊಳ್ಳೋರು, ಅನುಮಾನ ಬಂದರೆ ಉಳಿಯಿಟ್ಟು ಕೊಯ್ದು ಒಳಗೆ ಏನಿದೆ ಅಂತ ನೋಡೋರು. ಅಲ್ಲಿನ ಅಸ್ಯೂತ್‌ನಲ್ಲಿ 1960ರ ದಶಕದ ಕೊನೆಗೆ ಸುಮಾರು 900 ನಾಣ್ಯಗಳ ನಿಧಿ ಸಿಕ್ಕಿತು, ಅದರಲ್ಲಿ ಇಂಥ ಕಚ್ಚು ಬಿದ್ದವು ಬೇಕಾದಷ್ಟು. ನಿಮಗೂ ಇದು ಅನುಕೂಲವೇ, ಸುಮ್ನೆ ಭೂತಗನ್ನಡಿ ಹಿಡಿದರೆ ಒಳಗಿನ ಲೋಹ ಕಾಣುತ್ತೆ. ಕಚ್ಚಿನ ಒಳಗೂ ಹೊರಗಿನಷ್ಟೇ ಕಪ್ಪು ಹಿಡಿದಿರಬೇಕು. ಹೊಸದಾಗಿ ಮಿಂಚುತ್ತಿದ್ದರೆ ಮಾತ್ರ ಹುಷಾರು.

ಇನ್ನು ಕಾಲದ ವಿಷಯ. ಚಿಪ್ಪು ನುಣುಪಾಗಿದ್ದು, ನಡು ಬೆನ್ನಿನ ಉದ್ದಕ್ಕೂ ಒಂದೇ ಸಾಲು ಚುಕ್ಕಿ ಇದ್ದರೆ ನಿಮಗೆ ಬೇಕಾದ ಕಾಲದ್ದು. ಚಿಪ್ಪಿನ ಮೇಲೆ ಮನೆ ಮನೆ ಬಿಡಿಸಿದ ನೆಲದಾಮೆ ಕಂಡರೆ ಅದು ಕ್ರಿ.ಪೂ. 5ನೇ ಶತಮಾನದ ನಡುವಿನಿಂದ ಈಚೆಗಿನದು.

ಅಂಚುನೋಡಿ:
ಆನ್‌ಲೈನ್ ಆಮೆಯ ಅಂಚಿನ ಫೋಟೋ ಕೇಳಿ, ಕೊಡಲ್ಲ ಅಂದರೆ ಅಲ್ಲಿಗೇ ಬಿಡಿ. ಎರಕ ಹೊಯ್ದ ನಕಲಿಯಾದರೆ ಅಂಚಿನ ಸುತ್ತ ಗೆರೆ ಅಥವಾ ಅದನ್ನು ಅರ ಹಾಕಿ ಉಜ್ಜಿದ ಗುರುತು, ಮೈಮೇಲೆ ಸಣ್ಣ ಸಣ್ಣ ಗುಳ್ಳೆ ಕಾಣಬಹುದು. ಅಸಲಿಯನ್ನು ಒಂದೊಂದಾಗಿ ಅಚ್ಚಿನ ಮೇಲಿಟ್ಟು ಸುತ್ತಿಗೆಯಲ್ಲಿ ಹೊಡೆದಿದ್ದು, ಹಾಗಾಗಿ ಕೆಲವದರ ಅಂಚು ಬಿರುಕು ಬಿಟ್ಟಿರುತ್ತೆ, ಕೆಲವದರಲ್ಲಿ ಆಮೆ ಒಂದು ಕಡೆ ಜಾರಿರುತ್ತೆ. ಅದೇ ಬಿರುಕು, ಅದೇ ಓರೆ ಇರೋ ಇನ್ನೊಂದು ನಾಣ್ಯ ಹಳೇ ಹರಾಜುಗಳಲ್ಲಿ ಸಿಕ್ಕಿತೋ, ಎರಡರಲ್ಲಿ ಒಂದಾದರೂ ನಕಲಿ. ಎರಡೂ ಆಗಿರಬಹುದು! ತೂಕ ಸರಿಯಿದೆ ಅಂತ ನಂಬಬೇಡಿ, ತೂಕ ಹೊಂದಿಸೋದು ನಕಲಿಯವರಿಗೆ ಕಷ್ಟವೇ ಅಲ್ಲ.

ಮಿಲೇಟಸ್_ಅಭಿಮಾನಿ:
ಮೊದಲನೇ ನಾಣ್ಯಕ್ಕೇ ಇಷ್ಟು ದುಡ್ಡು ಯಾಕೆ? ಮಿಲೇಟಸ್‌ನ (ಈಗಿನ ಟರ್ಕಿಯಲ್ಲಿದ್ದ ಹಳೇ ಗ್ರೀಕ್ ನಗರ) ಪುಟಾಣಿ ಬೆಳ್ಳಿ ನಾಣ್ಯ ನೋಡಿ, ಸುಮಾರು 1.1 ಗ್ರಾಂ, ಹುರಿಗಡಲೆಗಿಂತ ಸ್ವಲ್ಪ ದೊಡ್ಡದು ಅಷ್ಟೇ. ಒಂದು ಕಡೆ ತಿರುಗಿ ನೋಡೋ ಸಿಂಹ, ಹಿಂದೆ ನಕ್ಷತ್ರದಂಥ ಹೂವು. ಅದೂ ನೀವು ಹೇಳಿದ ಕಾಲದ್ದೇ, ಬೇಕಾದಷ್ಟು ಸಿಗುತ್ತೆ, ಬೆಲೆಯೂ ಕಮ್ಮಿ.

ಯಾವುದೇ ಆಗಲಿ, ಹಿಂದೆ ಯಾರ ಹತ್ತಿರವಿತ್ತು, ಯಾವಾಗ ಮಾರಾಟವಾಯ್ತು ಅನ್ನೋ ಕಾಗದ ಇಸ್ಕೊಳ್ಳಿ. ಅಮೆರಿಕ 2011ರಿಂದ ಗ್ರೀಸ್‌ನ ಕೆಲವು ಬಗೆಯ ಹಳೇ ನಾಣ್ಯಗಳ ಆಮದಿಗೂ ನಿರ್ಬಂಧ ಹಾಕಿದೆ. ಮುಂದೆ ಕೆಲಸ ಅಂತ ಅಲ್ಲಿಗೆ ಹೋದರೆ ಆ ಕಾಗದವೇ ಬೇಕಾಗೋದು. ಅಂದಹಾಗೆ ಊರಿನ ಪಂಚ್‌ಮಾರ್ಕ್‌ಗಳನ್ನು ಜರ್ಮನಿಗೆ ತರಿಸಿಕೊಳ್ಳೋ ಯೋಚನೆ ಇದ್ದರೆ ಬೇಡ, 1972ರ ಪುರಾತನ ವಸ್ತುಗಳ ಕಾಯ್ದೆ ಪ್ರಕಾರ ಅದು ಅಪರಾಧ.

ಬೆಳ್ಳಿಕಾಸು:
ಪಂಚ್‌ಮಾರ್ಕ್ ಎಲ್ಲಾ ಅಣ್ಣನ ಮನೆಯಲ್ಲೇ ಇದೆ, ಅಲ್ಲೇ ಇರುತ್ತೆ. ಹರಾಜಿನವರಿಗೆ ಕಚ್ಚಿನ ಹತ್ತಿರದ ಫೋಟೋ, ಹಳೇ ಮಾರಾಟದ ಚೀಟಿ ಎರಡನ್ನೂ ಕೇಳಿ ಬರೆದಿದ್ದೇನೆ. ಫೋಟೋ ಬಂದ ತಕ್ಷಣ ಇಲ್ಲೇ ಹಾಕ್ತೀನಿ, ಚುಕ್ಕಿ ಸಾಲು ನೀವೇ ನೋಡಿ ಹೇಳಿ.