ಮಗಳು ಮನಸ್ಸು ಬಿಚ್ಚಿ ಮಾತನಾಡುತ್ತಿಲ್ಲ: ಮನೆಯಲ್ಲೇ ಏನು ಮಾಡಬಹುದು?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನನ್ನ ಮಗಳಿಗೆ 8 ವರ್ಷ, ಮಗನಿಗೆ 4. ಮೊದಲೆಲ್ಲ ಮನೆಗೆ ಬಂದ ಕೂಡಲೇ ಶಾಲೆಯ ಸುದ್ದಿಯನ್ನೆಲ್ಲ ಒಂದೇ ಉಸಿರಿಗೆ ಹೇಳುತ್ತಿದ್ದ ಮಗಳು ಕಳೆದ ಎರಡು ತಿಂಗಳಿಂದ ಮಾತು ಕಡಿಮೆ ಮಾಡಿದ್ದಾಳೆ. “ಇವತ್ತು ಏನಾಯಿತು?” ಎಂದರೆ “ಏನಿಲ್ಲ” ಎನ್ನುತ್ತಾಳೆ, ಎರಡನೆಯ ಸಲ ಕೇಳಿದರೆ ಎದ್ದು ಹೋಗುತ್ತಾಳೆ. ಆದರೆ ಪೆನ್ಸಿಲಿನ ಮೊನೆ ಮುರಿದರೂ, ತಮ್ಮ ತನ್ನ ಜಾಗದಲ್ಲಿ ಕುಳಿತರೂ ಬಿಕ್ಕಿ ಬಿಕ್ಕಿ ಅಳುತ್ತಾಳೆ. ಊಟ, ನಿದ್ದೆ, ಓದಿನಲ್ಲಿ ವ್ಯತ್ಯಾಸ ಕಂಡಿಲ್ಲ. ಶಿಕ್ಷಕರೂ ಏನೂ ಹೇಳಿಲ್ಲ.

ನಾವಿಬ್ಬರೂ ಕೆಲಸಕ್ಕೆ ಹೋಗುವವರಾದ್ದರಿಂದ ಸಂಜೆ ಮಕ್ಕಳೊಂದಿಗೆ ಸಿಗುವುದು ಒಂದೂವರೆ, ಹೆಚ್ಚೆಂದರೆ ಎರಡು ಗಂಟೆ. ಭಾವನೆಗಳ ಮುಖಚಿತ್ರವಿರುವ ಚಾರ್ಟೊಂದನ್ನು ಗೋಡೆಗೆ ಅಂಟಿಸಿ, ರಾತ್ರಿ ಮಲಗುವ ಮುನ್ನ ಅದರಲ್ಲಿ ಒಂದನ್ನು ತೋರಿಸಲು ಹೇಳಿದೆ. ಮೂರು ದಿನ ನಗುವ ಮುಖವನ್ನೇ ತೋರಿಸಿದಳು. ನಾಲ್ಕನೆಯ ದಿನ ಬೇಡ ಎಂದಳು. ಮನೆಯವರೆಲ್ಲ ಸೇರಿ ದಿನವೂ ಮಾಡಬಹುದಾದ ಸರಳ ಚಟುವಟಿಕೆಗಳಿಂದ ಅವಳ ಮನಸ್ಸನ್ನು ಹಗುರ ಮಾಡಲು ಸಾಧ್ಯವೇ? ಅನುಭವವಿದ್ದವರು ದಯವಿಟ್ಟು ತಿಳಿಸಿ.

ಉತ್ತರ 1 (ಇಬ್ಬರು ಮಕ್ಕಳ ತಂದೆ)

ನಿಮ್ಮ ಮಗಳು ನಿಮ್ಮಿಂದ ದೂರವಾಗುತ್ತಿದ್ದಾಳೆ ಎಂದು ದಯವಿಟ್ಟು ಭಾವಿಸಬೇಡಿ. ನನ್ನ ಮಗನೂ 9ನೆಯ ವಯಸ್ಸಿನಲ್ಲಿ ಹೀಗೇ ಇದ್ದ. ಎದುರಿಗೆ ಕೂರಿಸಿಕೊಂಡು, ಕಣ್ಣಲ್ಲಿ ಕಣ್ಣಿಟ್ಟು ಕೇಳಿದಾಗ ಒಂದು ದಿನವೂ ಅವನು ಬಾಯಿ ಬಿಡಲಿಲ್ಲ. ಬಾಯಿ ಬಿಟ್ಟದ್ದು ಒಗೆದ ಬಟ್ಟೆ ಮಡಚುವಾಗ. ಕಾಲುಚೀಲಗಳ ಜೋಡಿ ಹುಡುಕುವುದು ಅವನ ಕೆಲಸವಾಗಿತ್ತು. ಒಂದು ಸಂಜೆ ಜೋಡಿಯಿಲ್ಲದ ಒಂಟಿ ಕಾಲುಚೀಲವನ್ನು ಕೈಯಲ್ಲಿ ತಿರುಗಿಸುತ್ತಾ, ನನ್ನ ಕಡೆ ನೋಡದೆಯೇ, “ಆಟದ ಬಿಡುವಿನಲ್ಲಿ ನಾನೂ ಒಬ್ಬನೇ ಇರುತ್ತೇನೆ” ಎಂದ. ಆ ಮಾತು ಕೇಳಿ ನನ್ನ ಕೈ ನಿಂತಿತು. ಆದರೆ ಆಗ ನಾನು ಪ್ರಶ್ನೆಗಳ ಸುರಿಮಳೆಗೈದಿದ್ದರೆ ಅವನು ಮತ್ತೆ ಮುಚ್ಚಿಕೊಳ್ಳುತ್ತಿದ್ದ ಎಂದು ಇಂದಿಗೂ ನಂಬಿದ್ದೇನೆ. “ಹೌದಾ, ಬೇಜಾರಾಗುತ್ತಿರಬೇಕು” ಎಂದಷ್ಟೇ ಹೇಳಿ ಅಂಗಿ ಮಡಚುವುದನ್ನು ಮುಂದುವರಿಸಿದೆ. ಉಳಿದದ್ದನ್ನು ಅವನೇ ಹೇಳಿದ.

ಕೈಗೆ ಕೆಲಸವಿದ್ದು, ಕಣ್ಣಿಗೆ ಬೇರೆ ಆಸರೆಯಿದ್ದಾಗ ಮಕ್ಕಳ ನಾಲಿಗೆ ಸಡಿಲವಾಗುತ್ತದೆ. ಗಿಡಕ್ಕೆ ನೀರು ಹಾಕುವುದು, ಪುಸ್ತಕದ ಕಪಾಟು ಜೋಡಿಸುವುದು, ಊಟದ ನಂತರ ಹತ್ತು ನಿಮಿಷ ನಡೆಯುವುದು, ಯಾವುದಾದರೂ ಆದೀತು. ದಿನವೂ ಅದೇ ಹೊತ್ತಿಗೆ ನಡೆಯಲಿ, ಫೋನು ಬೇರೆ ಕೋಣೆಯಲ್ಲಿರಲಿ. ಮತ್ತೊಂದು ಮಾತು: ಕೆಲಸವನ್ನು ಅವಳು ನಿಧಾನವಾಗಿಯೋ ಅಡ್ಡಾದಿಡ್ಡಿಯಾಗಿಯೋ ಮಾಡಿದರೆ ತಿದ್ದಲು ಹೋಗಬೇಡಿ.

ಉತ್ತರ 2 (ಶಾಲಾ ಆಪ್ತಸಮಾಲೋಚಕಿ)

ಮೇಲಿನವರು ಹೇಳಿದ್ದನ್ನು ನನ್ನ ವೃತ್ತಿಯಲ್ಲಿ ಪದೇ ಪದೇ ಕಂಡಿದ್ದೇನೆ. ಚಾರ್ಟ್ ಏಕೆ ಫಲ ಕೊಡಲಿಲ್ಲ ಎಂಬುದನ್ನು ಮಾತ್ರ ಸ್ವಲ್ಪ ವಿವರಿಸುತ್ತೇನೆ, ಏಕೆಂದರೆ ತಪ್ಪು ಚಾರ್ಟಿನದ್ದಲ್ಲ. ಭಾವನೆಗೆ ಹೆಸರು ಕೊಡುವುದರಿಂದ ನಿಜಕ್ಕೂ ಪ್ರಯೋಜನವಿದೆ. ಮ್ಯಾಥ್ಯೂ ಲೀಬರ್‌ಮನ್ ಮತ್ತು ಸಂಗಡಿಗರು 2007ರಲ್ಲಿ ಪ್ರಕಟಿಸಿದ ಮಿದುಳಿನ ಚಿತ್ರಣದ ಅಧ್ಯಯನದಲ್ಲಿ, ಕೋಪ ಅಥವಾ ಭಯದ ಮುಖವನ್ನು ನೋಡಿ ಆ ಭಾವನೆಯನ್ನು ಪದದಲ್ಲಿ ಗುರುತಿಸಿದಾಗ, ಅಪಾಯಕ್ಕೆ ಎಚ್ಚರಗೊಳ್ಳುವ ಅಮಿಗ್ಡಲ ಎಂಬ ಭಾಗದ ಚಟುವಟಿಕೆ ತಗ್ಗಿದ್ದು ಕಂಡುಬಂದಿತ್ತು. ಅದು ವಯಸ್ಕರ ಮೇಲಿನ ಅಧ್ಯಯನ. ಮಕ್ಕಳಿಗೆ ಆ ಪದಗಳೇ ಮೊದಲು ಸಿಗಬೇಕು; ಅವು ಸಿಗುವುದು ದೊಡ್ಡವರ ಬಾಯಿಂದ. ರಾತ್ರಿ ಚಾರ್ಟಿನ ಮುಂದೆ ನಿಲ್ಲಿಸಿ ತೋರಿಸು ಎಂದಾಗ ಅದು ಮಗುವಿಗೆ ಪರೀಕ್ಷೆಯಂತೆ ಕಾಣುತ್ತದೆ, ಪರೀಕ್ಷೆಯಲ್ಲಿ ಸರಿಯುತ್ತರ ನಗುವ ಮುಖವೇ.

ಆದ್ದರಿಂದ ಮೊದಲು ನೀವು ಹೇಳಿ. ಊಟದ ಹೊತ್ತಿನಲ್ಲಿ ಮನೆಯ ಪ್ರತಿಯೊಬ್ಬರೂ ಆ ದಿನ ಹಿತವೆನಿಸಿದ ಒಂದು ಸಂಗತಿ, ಕಷ್ಟವೆನಿಸಿದ ಒಂದು ಸಂಗತಿ ಹೇಳುವ ರೂಢಿ ಮಾಡಿಕೊಳ್ಳಿ. “ಇವತ್ತು ಸಭೆಯಲ್ಲಿ ನನ್ನ ಮಾತನ್ನು ಯಾರೂ ಕೇಳಿಸಿಕೊಳ್ಳಲಿಲ್ಲ, ಅವಮಾನವೆನಿಸಿತು, ಆಮೇಲೆ ಸ್ನೇಹಿತೆಯ ಹತ್ತಿರ ಹೇಳಿಕೊಂಡ ಮೇಲೆ ಸಮಾಧಾನವಾಯಿತು” ಎಂದು ನೀವು ಹೇಳಿದಾಗ, ಅವಮಾನ ಎಂಬ ಪದವೂ, ಅದರಿಂದ ಹೊರಬರುವ ದಾರಿಯೂ ಅವಳಿಗೆ ಒಟ್ಟಿಗೇ ಸಿಗುತ್ತವೆ. ಮಗು ಹೊರಲಾರದ ದೊಡ್ಡ ಚಿಂತೆಗಳನ್ನು ಅಲ್ಲಿ ತರಬೇಡಿ. ಅವಳು ತನ್ನ ಸರದಿಯನ್ನು ಬಿಟ್ಟುಕೊಟ್ಟರೆ ಬಿಡಿ. ಹೇಳಿದರೆ ಕೂಡಲೇ ಉಪದೇಶಕ್ಕಿಳಿಯಬೇಡಿ.

ಪೆನ್ಸಿಲಿಗಾಗಿ ಅಳುವಾಗ “ಇಷ್ಟಕ್ಕೆಲ್ಲ ಅಳುತ್ತಾರಾ?” ಎಂಬ ಮಾತು ಬಾಯಿಗೆ ಬರುವುದು ಸಹಜ. ಆದರೆ ಆವೇಗವನ್ನು ತಡೆದು ಯೋಚಿಸಲು ನೆರವಾಗುವ ಮಿದುಳಿನ ಮುಂಭಾಗ ಪೂರ್ತಿ ಬಲಿಯುವುದು ಇಪ್ಪತ್ತರ ಹರೆಯದಲ್ಲಿ. ಎಂಟರ ಮಗುವಿಗೆ ಅಷ್ಟು ಹಿಡಿತ ಇನ್ನೂ ಬಂದಿರುವುದಿಲ್ಲ. ಪಕ್ಕದಲ್ಲಿ ಕುಳಿತು ನೀವೇ ನಿಧಾನವಾಗಿ ಉಸಿರು ಬಿಡಿ. ಒಳಗೆಳೆಯುವುದಕ್ಕಿಂತ ಹೊರಬಿಡುವುದು ದೀರ್ಘವಾದಾಗ ಎದೆಬಡಿತ ಇಳಿಯುತ್ತದೆ. ಸಮಾಧಾನವಾಗಿರುವ ಹೊತ್ತಿನಲ್ಲಿ ಸೋಪಿನ ಗುಳ್ಳೆ ಊದುವ ಆಟವಾಡಿಸಿ; ದೊಡ್ಡ ಗುಳ್ಳೆ ಬರಬೇಕಾದರೆ ಮೆಲ್ಲಗೆ, ಉದ್ದಕ್ಕೆ ಊದಲೇಬೇಕು. ಇದರಲ್ಲಿ ನಾಲ್ಕು ವರ್ಷದ ತಮ್ಮನೂ ಸೇರಬಹುದು. ಆದರೆ ವಾರದಲ್ಲಿ ಎರಡು ಮೂರು ಸಲ ಹದಿನೈದು ನಿಮಿಷವಾದರೂ ತಮ್ಮನಿಲ್ಲದ ಹೊತ್ತು ಅವಳಿಗೆ ಸಿಗಲಿ, ಏನು ಆಡಬೇಕೆಂಬುದನ್ನು ಅವಳೇ ತೀರ್ಮಾನಿಸಲಿ.

ನೀವೇ ರೇಗಿದ ದಿನವೂ ಬರುತ್ತದೆ. ಆಗ ಅವಳ ಬಳಿ ಹೋಗಿ “ನಾನು ಕೂಗಿದ್ದು ತಪ್ಪು” ಎಂದು ಹೇಳಿ. ಮುನಿಸು ಮುರಿದು ಮತ್ತೆ ಹತ್ತಿರವಾಗಬಹುದೆಂಬ ಭರವಸೆ ಮಗುವಿಗೆ ಅನುಭವದಿಂದಲೇ ಬರಬೇಕು.

ಉತ್ತರ 3 (ನಿವೃತ್ತ ಶಿಕ್ಷಕಿ, ಅಜ್ಜಿ)

ನನ್ನದೊಂದು ಸೇರ್ಪಡೆ: ಮನೆಯ ಕಥೆಗಳನ್ನು ಹೇಳಿ. ಎಮೊರಿ ವಿಶ್ವವಿದ್ಯಾಲಯದ ಮಾರ್ಷಲ್ ಡ್ಯೂಕ್ ಮತ್ತು ರಾಬಿನ್ ಫಿವುಶ್ ಅವರು ತಂದೆತಾಯಿ ಬೆಳೆದದ್ದೆಲ್ಲಿ, ಅವರು ಪರಸ್ಪರ ಭೇಟಿಯಾದದ್ದು ಹೇಗೆ ಎಂಬಂಥ 20 ಪ್ರಶ್ನೆಗಳನ್ನು ಮಕ್ಕಳಿಗೆ ಕೇಳಿದಾಗ, ಹೆಚ್ಚು ಉತ್ತರ ತಿಳಿದಿದ್ದ ಮಕ್ಕಳಲ್ಲಿ ಆತ್ಮಗೌರವವೂ ಹೆಚ್ಚಾಗಿ ಕಂಡಿತು. ಉತ್ತರ ಗೊತ್ತಿದ್ದ ಮಾತ್ರಕ್ಕೆ ಒಳ್ಳೆಯದಾಗುವುದಿಲ್ಲವೆಂದು ಡ್ಯೂಕ್ ಅವರೇ ಸ್ಪಷ್ಟಪಡಿಸಿದ್ದಾರೆ. ಮನೆಯವರು ಒಟ್ಟಿಗೆ ಕುಳಿತು ಹೇಳುವ, ಕೇಳುವ ಕ್ರಮದಲ್ಲೇ ಬಲವಿದೆ. ಗೆದ್ದ ಕಥೆಗಳನ್ನಷ್ಟೇ ಹೇಳಬೇಡಿ. ನಾನು ಮೂರನೆಯ ತರಗತಿಯಲ್ಲಿ ಗೆಳತಿಯೊಡನೆ ಜಗಳವಾಡಿ ವಾರಗಟ್ಟಲೆ ಒಬ್ಬಳೇ ಕುಳಿತಿದ್ದ ಕಥೆಯನ್ನು ಮೊಮ್ಮಗಳು ಎಷ್ಟು ಸಲ ಕೇಳಿದ್ದಾಳೋ ಲೆಕ್ಕವಿಲ್ಲ. “ಆಮೇಲೆ ಯಾರು ಮೊದಲು ಮಾತಾಡಿದ್ದು ಅಜ್ಜಿ?” ಎಂದು ಪ್ರತಿ ಸಲವೂ ಅದೇ ಜಾಗದಲ್ಲಿ ಕೇಳುತ್ತಾಳೆ.

ಉತ್ತರ 4

ಎಲ್ಲರ ಸಲಹೆಯೂ ಒಳ್ಳೆಯದೇ, ಆದರೆ ಎಚ್ಚರಿಕೆಯ ಒಂದು ಮಾತು ಇರಲಿ. ಕಾರಣವಿಲ್ಲದ ಹೊಟ್ಟೆನೋವು, ನಿದ್ದೆ ಕೆಡುವುದು, ಶಾಲೆಗೆ ಹೋಗಲು ಹೆದರುವುದು, ತನಗೇ ನೋವು ಮಾಡಿಕೊಳ್ಳುವ ಮಾತು, ಇವುಗಳಲ್ಲಿ ಯಾವುದು ಕಂಡರೂ ಮನೆಯ ಚಟುವಟಿಕೆಗಳನ್ನೇ ನಂಬಿ ಕಾಯಬೇಡಿ, ಮಕ್ಕಳ ವೈದ್ಯರನ್ನೋ ಮನಶ್ಶಾಸ್ತ್ರಜ್ಞರನ್ನೋ ಕಾಣಿ. ಶಿಕ್ಷಕರು ದೂರು ಹೇಳಿಲ್ಲವೆಂದು ಸುಮ್ಮನಿರದೆ, ಬಿಡುವಿನ ಹೊತ್ತಿನಲ್ಲಿ ಅವಳು ಯಾರೊಂದಿಗೆ ಇರುತ್ತಾಳೆಂದು ನೀವಾಗಿಯೇ ವಿಚಾರಿಸಿ.

ಪ್ರಶ್ನೆ ಕೇಳಿದವರು, ಮೂರು ವಾರಗಳ ನಂತರ

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಚಾರ್ಟನ್ನು ತೆಗೆದೆ. ಸಂಜೆ ಅವಳೂ ನಾನೂ ಗಿಡಗಳಿಗೆ ನೀರು ಹಾಕುತ್ತೇವೆ. ಮೊದಲ ವಾರ ಗಿಡಗಳ ಮಾತಷ್ಟೇ ನಡೆಯಿತು. ಕಳೆದ ಮಂಗಳವಾರ, ಬಾಡಿದ ಎಲೆಗಳನ್ನು ಕೀಳುತ್ತಾ, ತನ್ನ ಗೆಳತಿಯನ್ನು ಬೇರೆ ವಿಭಾಗಕ್ಕೆ ಹಾಕಿದ್ದಾರೆ, ಹೊಸ ಬೆಂಚಿನಲ್ಲಿ ಯಾರೂ ತನ್ನೊಡನೆ ಮಾತನಾಡುವುದಿಲ್ಲ ಎಂದಳು. ನಾನು “ಎರಡು ತಿಂಗಳಿಂದ ಹೀಗೇನಾ?” ಎಂದು ಮಾತ್ರ ಕೇಳಿದೆ. ತಲೆಯಾಡಿಸಿದಳು. ಶಿಕ್ಷಕರೊಂದಿಗೆ ಮಾತನಾಡಲಾ ಎಂದಾಗ, “ನಾಳೆ ಹೇಳುತ್ತೇನೆ” ಎಂದಳು. ಮರುದಿನ ತಾನೇ ನೆನಪಿಟ್ಟು, ನೀರಿನ ಚೊಂಬು ಹಿಡಿದು ಬಂದು, “ಮಾತಾಡಮ್ಮ, ಆದರೆ ನಾನೂ ಜೊತೆಗಿರುತ್ತೇನೆ” ಎಂದಳು. ಶುಕ್ರವಾರ ಇಬ್ಬರೂ ಶಾಲೆಗೆ ಹೋಗುತ್ತಿದ್ದೇವೆ.