ಅವ್ವಗ ಪೆರು ದೇಶದ ಬಳ್ಳಿ ಗುಳಿಗಿ ಕೊಡಬಹುದೇನ್ರಿ?

ತೊಗರಿ ಹೊಲದವ, ಕಲಬುರಗಿ
ನಮ್ಮವ್ವಗ 64. ವರ್ಷಾನುಗಟ್ಲೆ ತೊಗರಿ ಹೊಲದಾಗ ಕುಂತು ಕಳೆ ತೆಗದ ಮೊಣಕಾಲು ಅವು. ಈಗ ಶರಣಬಸವೇಶ್ವರ ಗುಡಿಗೆ ಹೋದ್ರ ಒಂದ್ ಸುತ್ತು ಹಾಕ್ಲಾಕ ಆಗಲ್ಲ, ಗ್ವಾಡಿಗಿ ಆತು ಕುಂದರ್ತಾಳ. ಸೋದರಮಾವನ ಮಗ ಅಮೆರಿಕದಿಂದ ‘ಕ್ಯಾಟ್ಸ್ ಕ್ಲಾ’ ಅಂತ ಡಬ್ಬಿ ತಂದಾನ. ಮಳೆಕಾಡಿನ ಬಳ್ಳಿ ಅಂತ. ಅವ್ವ ಅಂತಾಳ, “ನಮ್ಮ ಅಮೃತಬಳ್ಳಿನೇ ಇರಬೇಕು, ಕೊಡು.” ಆಕಿಗಿ ಹೃದಯದ ವಾಲ್ವ್ ಬದಲಿ ಮಾಡ್ಯಾರ, ರಕ್ತ ಹೆಪ್ಪುಗಟ್ಟದಂಗ ತಡಿಯೋ ವಾರ್ಫರಿನ್ ಗುಳಿಗಿ ದಿನಾ ತಗೋತಾಳ. ಡಬ್ಬಿ ಇನ್ನೂ ಒಡದಿಲ್ಲ.

ಬೀದರದಿಂದ
ಹೊರದೇಶದ್ದು ಯಾಕ್ರಿ? ಅಮೃತಬಳ್ಳಿ ಕಷಾಯನೇ ಮಾಡಿ ಕೊಡ್ರಿ.

ಔಷಧದ ಅಕ್ಕ, ಕಲಬುರಗಿ
ತಮ್ಮಾ, ಒಡೀಬ್ಯಾಡ. 19 ವರ್ಷ ಆಸ್ಪತ್ರಿ ಔಷಧ ವಿಭಾಗದಾಗ ಕೆಲಸ ಮಾಡೀನಿ, ವಾರ್ಫರಿನ್ ಅಂದ ಕೂಡ್ಲೇ ಎದಿ ಝಲ್ ಅಂತದ.

ಇದು ಅಮೃತಬಳ್ಳಿ ಅಲ್ಲ. ಉಂಕಾರಿಯಾ ಟೊಮೆಂಟೋಸಾ, ಕಾಫಿ ಗಿಡದ ಬಳಗ. ಬೆಕ್ಕಿನ ಉಗುರಿನಂಥ ಕೊಕ್ಕಿ ಮುಳ್ಳು ಹಾಕ್ಕೋಂತ 30 ಮೀಟರ್ ತನಕ ಮರ ಏರ್ತದ. ಪೆರುವಿನ ಅಶಾನಿಂಕಾ ಜನ ತಲೆಮಾರಿನಿಂದ ಬಳಸಿಕೊಂಡು ಬಂದಾರ. ಸುಳ್ಳು ಔಷಧ ಅನ್ನಲಾರೆ. 2001ರಾಗ ಇದರ ಸೋದರ ಬಳ್ಳಿಯನ್ನ ಮೊಣಕಾಲು ಸವೆದ 45 ಮಂದಿ ಮ್ಯಾಲ 4 ವಾರ ನೋಡ್ಯಾರ: ನಡೆಯೋವಾಗಿನ ನೋವು ಇಳೀತು, ರಾತ್ರಿ ನೋವು ಇಳೀಲಿಲ್ಲ. 2002ರಾಗ ಆಸ್ಟ್ರಿಯಾದಾಗ ಸಂಧಿವಾತದ 40 ಮಂದಿಗಿ ಸ್ವಲ್ಪ ಗುಣ ಕಂಡದ. ಅಷ್ಟು ಸಣ್ಣ ಲೆಕ್ಕದ ಮ್ಯಾಲ ನಿಮ್ಮವ್ವನ ಜೀವ ಇಡ್ಲಾಕ ಬರಲ್ಲ.

ಯಾಕಂದ್ರ, ಔಷಧ ಕರಗಿಸೋ ಲಿವರಿನ ಒಂದು ಕಿಣ್ವವನ್ನ ಈ ಬಳ್ಳಿ ತೊಗಟಿ ತಡೀತದ ಅಂತ ಪ್ರಯೋಗಾಲಯದಾಗ ಕಂಡದ. ವಾರ್ಫರಿನ್ನಿನ ಒಂದು ಪಾಲು ಕರಗೋದು ಅದೇ ಕಿಣ್ವದಿಂದ. ಔಷಧ ಮೈಯಾಗ ಉಳದ್ರ ರಕ್ತ ಅತಿ ತೆಳ್ಳಗಾಗ್ತದ. ಇನ್ನ ವಾರ್ಫರಿನ್ ಕಮ್ಮಿ ಮಾಡಿದ್ರ ವಾಲ್ವಿನಾಗ ಹೆಪ್ಪುಗಟ್ತದ. ನಡುವಿನ ದಾರಿ ಭಾಳ ಸಣ್ಣದು.

ಬೀದರದ ಅಣ್ಣಾರ, ಅಮೃತಬಳ್ಳಿನೂ ಬ್ಯಾಡ್ರಿ. ಅದನ್ನ ತಗೊಂಡ 6 ಮಂದಿಗಿ ಲಿವರ್ ಕೆಟ್ಟಿದ್ದನ್ನ ಮುಂಬೈ ಡಾಕ್ಟರು 2021ರಾಗ ಬರದಾರ. ರಕ್ತ ಹೆಪ್ಪುಗಟ್ಟಿಸೋ ಅಂಶ ತಯಾರಾಗೋದೇ ಲಿವರಿನಾಗ. ನೋವಿನ ಗುಳಿಗಿನೂ ಅಂಗಡಿಯಾಗ ಕೇಳಿ ಕೊಡಬ್ಯಾಡ ತಮ್ಮಾ. ಡಬ್ಬಿ ತಗೊಂಡೇ ಹೃದಯದ ಡಾಕ್ಟರ್ ಕಡೆ ಹೋಗು.

ತೊಗರಿ ಹೊಲದವ
ಹೋಗಿ ಬಂದ್ವಿ ಅಕ್ಕಾ. ಡಬ್ಬಿ ಬ್ಯಾಡ ಅಂದ್ರು. ಮೊಣಕಾಲ ಕೆಳಗ ಟಾವೆಲ್ ಸುತ್ತಿಟ್ಟು ಒತ್ತೋ ವ್ಯಾಯಾಮ ತೋರ್ಸ್ಯಾರ, ದಿನಾ ಎರಡು ಸಲ. ಅವ್ವ ಟಾವೆಲ್ ಬದ್ಲಿ ತಾ ಹೊಲಿದ ಕೌದಿ ಮಡಚಿ ಇಟ್ಕೊಂಡಾಳ. ನಾ ಬಾಜೂ ಕುಂತು ಎಣಸ್ತೀನಿ.