45 ಅಡಿ ಪ್ಯಾಟರ್ನ್‌ನಲ್ಲಿ ರಿಯಾಕ್ಟಿವ್ ಬೌಲಿಂಗ್ ಬಾಲ್ ಹುಕ್ ಆಗ್ತಿಲ್ಲ: ಹೊಸ ಬಾಲ್ ಬೇಕಾ, ಪ್ಯಾಡ್ ಹಾಕಿದ್ರೆ ಸಾಕಾ?

ಲೀಗ್‌ರಾತ್ರಿ:

ಮಿಶಿಗನ್‌ನಲ್ಲಿ ಈ ಸೀಸನ್ ಬೌಲಿಂಗ್‌ನ ಸ್ಪೋರ್ಟ್ ಲೀಗ್ (ಆಟ ಕಷ್ಟವಾಗುವಂತೆ ಲೇನ್‌ಗೆ ಆಯಿಲ್ ಹಚ್ಚುವ ಲೀಗ್) ಸೇರಿದ್ದೇನೆ. ಪ್ಯಾಟರ್ನ್ (ಲೇನ್‌ಗೆ ಆಯಿಲ್ ಹಚ್ಚಿದ ಭಾಗ) ಉದ್ದ 45 ಅಡಿ, ಶೀಟ್‌ನಲ್ಲಿ ಸುಮಾರು 28 ಮಿಲಿ ಆಯಿಲ್, ಮಧ್ಯಕ್ಕೂ ಅಂಚಿಗೂ ಆಯಿಲ್ ಅನುಪಾತ 3:1ರ ಒಳಗೆ. ಇದುವರೆಗೆ ಆಡಿದ್ದೆಲ್ಲ ಹೌಸ್ ಶಾಟ್ (ಮಾಮೂಲಿ, ಸುಲಭದ ಪ್ಯಾಟರ್ನ್) ಮೇಲೆ. ಅಲ್ಲಿ 200ರ ಆಸುಪಾಸು ಸರಾಸರಿ, ಇಲ್ಲಿ 160 ದಾಟೋದೇ ಕಷ್ಟ.

ವಿವರ: ಬಲಗೈ. ಬಾಲ್ 15 ಪೌಂಡ್, ಸಾಲಿಡ್ ರಿಯಾಕ್ಟಿವ್ ಕವರ್ (ಹೊರಮೈ), ಸಿಮೆಟ್ರಿಕ್ ಕೋರ್ (ಒಳಗಿನ ತೂಕದ ತಿರುಳು), ಆರ್‌ಜಿ 2.48 (ಕಡಿಮೆಯಿದ್ದಷ್ಟೂ ಬೇಗ ಉರುಳುತ್ತೆ), ಡಿಫರೆನ್ಷಿಯಲ್ 0.051 (ಹೆಚ್ಚಿದ್ದಷ್ಟೂ ಪ್ರತಿ ಸುತ್ತಿಗೂ ಕವರ್‌ನ ಹೊಸ ಜಾಗ ತಾಗುತ್ತೆ). ಡಬ್ಬಿಯಿಂದ ಬಂದಾಗ 3000 ಗ್ರಿಟ್ (ನಂಬರ್ ಕಡಿಮೆಯಾದಷ್ಟೂ ಒರಟು) ಇತ್ತು, ಆಮೇಲೆ ಉಜ್ಜುವ ಪ್ಯಾಡ್ ಮುಟ್ಟಿಸಿಲ್ಲ. ವೇಗ ಮಾನಿಟರ್‌ನಲ್ಲಿ ಗಂಟೆಗೆ 17 ಮೈಲಿ, ರೆವ್ ನಿಮಿಷಕ್ಕೆ 300ರ ಹತ್ತಿರ. ಎರಡನೇ ಆ್ಯರೋ (ಲೇನ್ ಮೇಲಿನ ಗುರಿಯ ಗುರುತು) ಮೇಲೆ ಬಿಟ್ಟು, 8ನೇ ಬೋರ್ಡಿನಿಂದ (ಬಲ ಅಂಚಿನಿಂದ ಎಣಿಸಿದ ಹಲಗೆ) ತಿರುಗಿ ಬರಲಿ ಅಂತ ಆಡೋದು ನನ್ನ ರೂಢಿ. ಹೌಸ್ ಶಾಟ್‌ನಲ್ಲಿ ಅದು ಕಣ್ಣುಮುಚ್ಚಿ ವಾಪಸ್ ಬರ್ತಿತ್ತು.

ಹೆವಿ ಆಯಿಲ್‌ಗೆ ಅಂತಲೇ ಬರುವ ಅಸಿಮೆಟ್ರಿಕ್ ಬಾಲ್ ಒಂದು ತಗೊಳ್ಳಲೇ? ಅಥವಾ ಇದಕ್ಕೇ 500 ಪ್ಯಾಡ್ ಹಾಕಿಸಿದ್ರೆ ಸಾಕೇ?

ಉಪ್ಪುಕಾಗದ:

ಇನ್ನೂರು ಡಾಲರ್ ತೆಗೆಯುವ ಮೊದಲು ಒಂದು ಪ್ರಶ್ನೆ: ಬಾಲ್ ಎಲ್ಲಿ ಕೈಕೊಡ್ತಿದೆ? "ಹುಕ್ ಆಗ್ತಿಲ್ಲ" ಅಂದ್ರೆ ಎರಡರಲ್ಲೊಂದು. ಒಂದು, ಆಯಿಲ್ ಮೇಲೆ ಕೊನೆವರೆಗೂ ಜಾರಿಕೊಂಡೇ ಹೋಗ್ತಿದೆ. ಇನ್ನೊಂದು, 25–30 ಅಡಿಯಲ್ಲೇ ಹಿಡಿತ ಸಿಕ್ಕಿ, ಅಲ್ಲೇ ಕಸುವೆಲ್ಲ ಖರ್ಚಾಗಿ, ಪಿನ್ ಹತ್ತಿರ ಬರುವಾಗ ನೆಟ್ಟಗೆ ಉರುಳ್ತಿದೆ. ಅಪ್ರೋಚ್ ಮೇಲೆ ನಿಂತು ನೋಡಿದ್ರೆ ಎರಡೂ ಒಂದೇ ಥರ ಕಾಣುತ್ತೆ, ಆದರೆ ಮಾಡಬೇಕಾದ್ದು ಪೂರಾ ಉಲ್ಟಾ. ಮೊದಲನೆಯದಕ್ಕೆ ಕವರ್ ಒರಟು ಮಾಡಬೇಕು, ಎರಡನೆಯದಕ್ಕೆ ನಯ ಮಾಡಬೇಕು.

ಉಳಿಯುವ ಪಿನ್‌ಗಳೇ ಹೇಳ್ತವೆ. 1-2-10, 2-8-10 ನಂಬರಿನ ಪಿನ್‌ಗಳು ಪದೇ ಪದೇ ಉಳೀತಿದ್ರೆ ಬಾಲ್ ಬಲಕ್ಕೇ ಉಳಿದುಕೊಂಡಿದೆ, ಅಂದ್ರೆ ಜಾರ್ತಿದೆ. ಪಾಕೆಟ್‌ಗೆ (1 ಮತ್ತು 3ನೇ ಪಿನ್ ನಡುವಿನ ಜಾಗ) ಸರಿಯಾಗಿ ಹೋಗಿಯೂ 10 ಪಿನ್ ನಿಂತು, 6ನೇ ಪಿನ್ ಸುಮ್ಮನೆ ಗಟರ್‌ಗೆ ಮಲಗ್ತಿದ್ರೆ, ಇಲ್ಲಾ 5-7, 8-10 ಸ್ಪ್ಲಿಟ್ ಬರ್ತಿದ್ರೆ, ಬಾಲ್ ಪಿನ್ ಮುಟ್ಟುವ ಮೊದಲೇ ಸುಸ್ತಾಗಿದೆ, ಅಥವಾ ಕೋನ ಸಾಲ್ತಿಲ್ಲ.

ಇನ್ನೊಂದು ಗುರುತು ಬಾಲ್ ಮೇಲೇ ಇರುತ್ತೆ. ವಾಪಸ್ ಬಂದಾಗ ಒರೆಸುವ ಮುಂಚೆ ಆಯಿಲ್ ಗೆರೆಗಳನ್ನು ನೋಡಿ. ಫ್ಲೇರ್ (ಸುತ್ತಿನಿಂದ ಸುತ್ತಿಗೆ ಲೇನ್ ತಾಗುವ ಜಾಗ ಸರಿಯೋದು) ಚೆನ್ನಾಗಿದ್ರೆ ಗೆರೆಗಳು ಒಂದು ಕಡೆ ಕೂಡಿ, ಅಲ್ಲಿಂದ ಬಿಡಿಬಿಡಿಯಾಗಿ ಹರಡಿರ್ತವೆ. ಪ್ರತಿ ಸುತ್ತಿಗೂ ಒಣ ಕವರ್ ಲೇನ್‌ಗೆ ತಾಗಿದೆ ಅಂತ ಅರ್ಥ. ಗೆರೆಗಳು ಒಂದರ ಮೇಲೊಂದು ಕೂತಿದ್ರೆ ಆಯಿಲ್ ಬಳಿದುಕೊಂಡ ಜಾಗದ ಮೇಲೇ ಬಾಲ್ ಮತ್ತೆ ಉರುಳಿದೆ. ಆಗ ಯಾವ ಗ್ರಿಟ್ ಹಾಕಿದ್ರೂ ಅರ್ಧ ಪ್ರಯೋಜನವೇ.

ನಿಮ್ಮ ವಿವರ ಓದಿದ್ರೆ ನನಗೆ ಮೊದಲನೆಯದರ ಅನುಮಾನ. ಡಬ್ಬಿಯ 3000 ಈಗ 3000 ಆಗಿ ಉಳಿದಿರಲ್ಲ. ಲೇನ್ ಮೇಲೆ ಉಜ್ಜಿ ಉಜ್ಜಿ, ಅದರಲ್ಲೂ ಟ್ರ್ಯಾಕ್ ಇರುವ (ಲೇನ್‌ಗೆ ತಾಗಿ ಉರುಳುವ) ಭಾಗ, ಕನ್ನಡಿಯಾಗಿರುತ್ತೆ. ಬೆಳಕಿಗೆ ಹಿಡಿದು ನೋಡಿ. ಮಳೆಗಾಲದ ರಸ್ತೆಯಲ್ಲಿ ಸವೆದ ಟೈರ್ ಹೇಗೋ ಹಾಗೆ: ರಬ್ಬರ್ ಎಷ್ಟೇ ಒಳ್ಳೆಯದಿರಲಿ, ನೀರು ಹೋಗೋಕೆ ಗೀರುಗಳೇ ಇಲ್ಲದಿದ್ರೆ ನೆಲ ಸಿಗಲ್ಲ.

ಮಾಡೋದು ಹೀಗೆ. ಕ್ಲೀನರ್ ಹಾಕಿ ಒರೆಸಿ. ಹೊಸ 500 ಅಬ್ರಲಾನ್ ಪ್ಯಾಡ್, ನೀರು ಧಾರಾಳವಾಗಿ. ಸ್ಪಿನ್ನರ್ (ಬಾಲ್ ತಿರುಗಿಸುವ ಯಂತ್ರ) ಮೇಲೆ ಬಾಲ್‌ನ ನಾಲ್ಕೂ ಮಗ್ಗುಲಿಗೆ ತಲಾ 20–30 ಸೆಕೆಂಡ್, ಒಂದೇ ಹದದ ಒತ್ತಡ. ತೊಳೆದು, ಮೇಲೆ 2000 ಪ್ಯಾಡ್ ತಲಾ 10–15 ಸೆಕೆಂಡ್ ಹಗುರವಾಗಿ. 500 ಒಂದನ್ನೇ ಹಾಕಿ ಬಿಟ್ರೆ ಮೊದಲ ಗೇಮ್‌ನಲ್ಲಿ ವಿಪರೀತ ಬೇಗ ಹಿಡಿಯುತ್ತೆ, ಎರಡನೇ ಗೇಮ್ ಹೊತ್ತಿಗೆ ಬೇರೆ ಬಾಲ್ ಆಗಿರುತ್ತೆ. ಮೇಲೆ 2000 ಬಿದ್ರೆ ಚೂಪು ಏಣುಗಳು ಹೋಗಿ ಆಳದ ಗೀರು ಉಳಿಯುತ್ತೆ, ಹೆಚ್ಚು ಹೊತ್ತು ಒಂದೇ ಥರ ನಡೆಯುತ್ತೆ. ಹಳೇ ಪ್ಯಾಡ್ ಬೇಡ. ಸವೆದ 1000 ಪ್ಯಾಡ್ ಮಾಡೋದು 2000ದ ಕೆಲಸ, ಹಿಂದೆ ಬರೆದಿರೋ ನಂಬರ್ ನಂಬಿದ್ರೆ ಮೋಸ. ಇಂಥ ಲೇನ್ ಮೇಲೆ ಐದಾರು ಗೇಮ್‌ಗೊಮ್ಮೆ 2000 ಮತ್ತೆ ಮುಟ್ಟಿಸಬೇಕು.

ಯುಎಸ್‌ಬಿಸಿ (ಅಮೆರಿಕದ ಬೌಲಿಂಗ್ ಸಂಸ್ಥೆ) ನಿಯಮ ಮರೀಬೇಡಿ: ಪ್ರಾಕ್ಟೀಸ್ ಮುಗಿದು ಗೇಮ್ ಶುರುವಾದ ಮೇಲೆ ಪ್ಯಾಡ್ ಹಾಕುವಂತಿಲ್ಲ. ನಡುವೆ ಒರೆಸೋಕೂ ಒಣ ಟವೆಲ್ ಮಾತ್ರ, ಕ್ಲೀನರ್ ಇಲ್ಲ.

ಪಿನ್‌ಡೌನ್:

ಮೇಲಿನವರು ಹೇಳಿದ್ದಕ್ಕೆ ಸ್ವಲ್ಪ ಲೆಕ್ಕ ಸೇರಿಸ್ತೇನೆ, ಯಾಕೆ ಕೋರ್‌ಗಿಂತ ಕವರ್ ಮುಂದೆ ಬರುತ್ತೆ ಅಂತ ಗೊತ್ತಾಗಲಿ.

ಬಾಲ್‌ನ ಸುತ್ತಳತೆ ಸುಮಾರು 27 ಇಂಚು, ಅಂದ್ರೆ 2.25 ಅಡಿ. ಗಂಟೆಗೆ 17 ಮೈಲಿ ಅಂದ್ರೆ ಸೆಕೆಂಡಿಗೆ 25 ಅಡಿ. ಈ ವೇಗದಲ್ಲಿ ಜಾರದೆ ಉರುಳಬೇಕಾದ್ರೆ ಸೆಕೆಂಡಿಗೆ 11 ಸುತ್ತು, ನಿಮಿಷಕ್ಕೆ 660 ಬೇಕು. ನೀವು ಕೊಡ್ತಿರೋದು 300. ಬಾಕಿ ಸುತ್ತನ್ನೆಲ್ಲ ಲೇನ್‌ನ ಘರ್ಷಣೆಯೇ ಕೊಡಬೇಕು, ಅದಕ್ಕೆ ಪ್ರತಿಯಾಗಿ ಬಾಲ್ ಸ್ವಲ್ಪ ವೇಗ ಕಳ್ಕೊಳ್ಳುತ್ತೆ. ಆ ಘರ್ಷಣೆಯೇ ಬಾಲ್‌ನ ಎಡಕ್ಕೂ ಎಳೆಯೋದು. ಲೆಕ್ಕಕ್ಕೆ ಸಾಮಾನ್ಯವಾಗಿ ಆಯಿಲ್ ಮೇಲಿನ ಘರ್ಷಣಾಂಕ 0.04, ಒಣ ಲೇನ್ ಮೇಲೆ 0.2 ಅಂತ ಹಿಡೀತಾರೆ, ಐದು ಪಟ್ಟು ಅಂತರ. ನಿಮ್ಮ ಪ್ಯಾಟರ್ನ್‌ನಲ್ಲಿ 60 ಅಡಿಯಲ್ಲಿ ಒಣ ಜಾಗ ಕೊನೆಯ 15 ಅಡಿ, ಅದನ್ನು ಬಾಲ್ ದಾಟೋಕೆ 0.6 ಸೆಕೆಂಡ್. ಅಷ್ಟರಲ್ಲಿ ಎಲ್ಲ ಕೆಲಸ ಆಗಲ್ಲ. ಆಯಿಲ್ ಒಳಗಿರುವಾಗಲೇ ಒಂದಿಷ್ಟು ಹಿಡಿತ ಸಿಗಬೇಕು. ಅದನ್ನು ಕೊಡೋದು ಕವರ್‌ನ ಒರಟುತನ.

ಕೋರ್ ಕೆಲಸ ಬೇರೆ. ಆರ್‌ಜಿಗೆ ನಿಯಮದ ಮಿತಿ 2.46ರಿಂದ 2.80, ಡಿಫರೆನ್ಷಿಯಲ್ ಗರಿಷ್ಠ 0.060. ನಿಮ್ಮದು 2.48 ಮತ್ತು 0.051. ಇದು ಆಗಲೇ ಬಲವಾದ ಕೋರ್, ಇದರ ಮೇಲೆ ಖರೀದಿಸಲು ಉಳಿದಿರೋದು ಅಲ್ಪ. ಅಸಿಮೆಟ್ರಿಕ್ ಬಾಲ್ ತಿರುವನ್ನು ಇನ್ನಷ್ಟು ಚುರುಕು ಮಾಡುತ್ತೆ ನಿಜ, ಆದರೆ ಆ ಚುರುಕು ಕಾಣಬೇಕಾದ್ರೂ ಕವರ್ ಮೊದಲು ಲೇನ್ ಮುಟ್ಟಬೇಕಲ್ಲ. ಹೊಳೆಯುವ ಕವರ್‌ನ ಅಸಿಮೆಟ್ರಿಕ್ ಬಾಲ್ ತಂದ್ರೆ ಅದೂ ಜಾರುತ್ತೆ, ಹೆಚ್ಚು ಬೆಲೆಗೆ. ಅಂಗಡಿಯಲ್ಲಿ ಪರ್ಲ್ (ಹೊಳಪಿನ, ಜಾರುವ) ಕವರ್‌ನ ಮೇಲೂ ದೊಡ್ಡ ಅಕ್ಷರದಲ್ಲಿ ಹುಕ್ ಅಂತ ಬರೆದಿರ್ತಾರೆ. ಅದು ಒಣ ಬ್ಯಾಕೆಂಡ್ (ಲೇನ್‌ನ ಕೊನೆಯ ಭಾಗ) ಸಿಕ್ಕಾಗಿನ ಮಾತು.

ಲೇಔಟ್ (ಬೆರಳ ತೂತುಗಳನ್ನು ಎಲ್ಲಿ ಕೊರೆದಿದ್ದಾರೆ ಅನ್ನೋದು) ಬಗ್ಗೆ ಕೇಳಿಲ್ಲ, ಆದರೂ ಹೇಳ್ತೇನೆ. ಬಾಲ್ ಮೇಲಿನ ಪಿನ್‌ನಿಂದ (ಕೋರ್‌ನ ತುದಿ ತೋರಿಸುವ ಬಣ್ಣದ ಚುಕ್ಕೆ) ನಿಮ್ಮ ಪಿಎಪಿಗೆ (ಕೈ ಬಿಟ್ಟಾಗ ಬಾಲ್ ಸುತ್ತುವ ಅಕ್ಷದ ತುದಿ) ಎಷ್ಟು ದೂರ ಇದೆ ಅಂತ ಬಾಲ್ ಕೊರೆಯುವ ಪ್ರೊ ಶಾಪ್‌ನಲ್ಲಿ ಅಳೆಸಿ. 3⅜ ಇಂಚಿದ್ರೆ ಫ್ಲೇರ್ ಅತಿ ಹೆಚ್ಚು. 3ರಿಂದ 4½ರ ನಡುವೆ ಎಲ್ಲಿದ್ರೂ ಚಿಂತೆ ಬೇಡ. 6ರ ಹತ್ತಿರ ಇದ್ರೆ ಮಾತ್ರ ಉಪ್ಪುಕಾಗದ ಹೇಳಿದ ಒಂದರ ಮೇಲೊಂದು ಗೆರೆ ಬರುತ್ತೆ, ಆಗ ಹಳೇ ತೂತು ಮುಚ್ಚಿಸಿ ಮತ್ತೆ ಕೊರೆಸೋದು ಯೋಚಿಸಬಹುದು.

ಮೂರನೇ ಆ್ಯರೋ:

ಬಾಲ್ ಬಗ್ಗೆ ಎಲ್ಲ ಸರಿ, ಆದರೆ ನೀವು ಆಡ್ತಿರೋ ಲೈನ್‌ಗೆ ಯಾವ ಬಾಲೂ ವಾಪಸ್ ಬರಲ್ಲ.

31ರ ಸೂತ್ರ: ಪ್ಯಾಟರ್ನ್ ಉದ್ದದಿಂದ 31 ಕಳೆದ್ರೆ, ಬಾಲ್ ಆಯಿಲ್ ಬಿಟ್ಟು ಹೊರಬರಬೇಕಾದ ಬೋರ್ಡ್ ಸಿಗುತ್ತೆ. 45 − 31 = 14. ನೀವು ಬಿಡ್ತಿರೋದು 8ಕ್ಕೆ. ಪಾಕೆಟ್ ಇರೋದು 17.5ರಲ್ಲಿ. ಅಂದ್ರೆ 15 ಅಡಿಯಲ್ಲಿ ಒಂಬತ್ತೂವರೆ ಬೋರ್ಡ್ ಬಾ ಅಂತ ಕೇಳ್ತಿದ್ದೀರಿ. ಹೌಸ್ ಶಾಟ್‌ನಲ್ಲಿ ಮಧ್ಯಕ್ಕೂ ಅಂಚಿಗೂ ಆಯಿಲ್ ಅನುಪಾತ 10:1, ಅದಕ್ಕಿಂತ ಹೆಚ್ಚೂ ಇರುತ್ತೆ. 8ನೇ ಬೋರ್ಡ್ ಬಹುತೇಕ ಒಣಗಿರುತ್ತೆ, ಬಾಲ್ ಅಲ್ಲಿಂದ ತಾನೇ ಬರುತ್ತೆ. 3:1ರಲ್ಲಿ ಹೊರಗೂ ಆಯಿಲ್ ಇದೆ. ಬಲಕ್ಕೆ ತಪ್ಪಿದ್ರೆ ತಪ್ಪಿದ ಹಾಗೆಯೇ.

ಪಾದ ಎಡಕ್ಕೆ ಸರಿಸಿ, ಫೌಲ್ ಲೈನ್ ಹತ್ತಿರ 17ರ ಸುಮಾರಿಗೆ ಇಟ್ಟು, ಆ್ಯರೋಗಳ ಬಳಿ 15–16 ದಾಟಿಸಿ, 14ಕ್ಕೆ ಹೊರಬರಲಿ. ಮೂರನೇ ಆ್ಯರೋ 15ನೇ ಬೋರ್ಡ್ ಮೇಲಿರೋದ್ರಿಂದ ಗುರಿಗೆ ಅದೇ ಅನುಕೂಲ. ಲೇನ್ ಅಡ್ಡ ಬಾಲ್ ಎಸೆಯೋ ಆಸೆ ಬಿಡಿ, ಭುಜ ನೇರ ಇರಲಿ. ಈ ಲೈನ್‌ನಲ್ಲಿ ಪಾಕೆಟ್ ಸೇರುವ ಕೋನ ಚಿಕ್ಕದು. ಒಳ್ಳೇ ಸ್ಟ್ರೈಕ್‌ಗೆ ಹೇಳುವ 6 ಡಿಗ್ರಿ ಹತ್ತಿರಕ್ಕೂ ಬರಲ್ಲ, ಆದ್ದರಿಂದ ಪಾಕೆಟ್‌ಗೆ ಹೊಡೆದ್ರೂ 10 ಪಿನ್ ಉಳಿಯುತ್ತೆ. ಉಳೀಲಿ. ಪ್ಲಾಸ್ಟಿಕ್ ಬಾಲ್‌ನಲ್ಲಿ ಅದನ್ನು ನೇರ ಹೊಡೆದು ಸ್ಪೇರ್ ಮಾಡಿಕೊಂಡರೆ 160 ಅಲ್ಲಿಂದಲೇ 185 ಆಗುತ್ತೆ.

ಕೈ ವಿಷಯಕ್ಕೆ ಬಂದ್ರೆ, ಹುಕ್ ಬರ್ತಿಲ್ಲ ಅಂತ ಬಾಲ್‌ನ ಪಕ್ಕದಿಂದ ತಿರುಚೋಕೆ ಹೋಗ್ತಾರೆ ಎಲ್ಲರೂ. ಅಡ್ಡ ಸುತ್ತು ಹೆಚ್ಚಾದಷ್ಟೂ ಬಾಲ್ ಇನ್ನೂ ದೂರ ಜಾರುತ್ತೆ, ಆಮೇಲೆ ತಿರುಗುತ್ತೆ. ಇಲ್ಲಿ ಆ ಆಮೇಲೆಗೆ ಜಾಗವೇ ಇಲ್ಲ. ಕೈ ಬಾಲ್‌ನ ಹಿಂದೆಯೇ ಇರಲಿ, ಮುಂದಕ್ಕೆ ಉರುಳುವಂತೆ ಬಿಡಿ. ವೇಗ ಒಂದು ಮೈಲಿ ಇಳಿಸಬೇಕಿದ್ರೆ ನಿಲ್ಲುವಾಗ ಬಾಲ್ ಹಿಡಿಯುವ ಎತ್ತರ ನಾಲ್ಕೈದು ಇಂಚು ತಗ್ಗಿಸಿ, ಸ್ವಿಂಗ್ ತಾನಾಗಿ ಚಿಕ್ಕದಾಗುತ್ತೆ. ತೋಳು ಬಿಗಿ ಹಿಡಿದು ನಿಧಾನ ಮಾಡಬೇಡಿ, ಗುರಿ ಹೋಗುತ್ತೆ.

ಲೀಗ್‌ರಾತ್ರಿ:

ಎಲ್ಲರಿಗೂ ಥ್ಯಾಂಕ್ಸ್. ಉಳಿಯೋದು ಹೆಚ್ಚಾಗಿ 1-2-10 ಮತ್ತು 2-8-10. ಗೆರೆಗಳು ಬಿಡಿಬಿಡಿಯಾಗಿಯೇ ಇವೆ. ಟ್ರ್ಯಾಕ್ ಜಾಗ ನಿಜಕ್ಕೂ ಹೊಳೀತಿದೆ. ಅಲ್ಲಿಗೆ ಜಾರೋದೇ ಅಂತಾಯ್ತು.

ಇನ್ನೆರಡು: ಬಾಲ್ ಆಯಿಲ್ ಕುಡಿದು ಸತ್ತಿದೆಯಾ ಅಂತ ಗೊತ್ತಾಗೋದು ಹೇಗೆ? ಮತ್ತೆ, ನಮ್ಮ ಜೋಡಿ ಲೇನ್‌ನಲ್ಲಿ ಇಬ್ಬರು ಯುರೆಥೇನ್ ಬಾಲ್ ಬಳಸ್ತಾರೆ. ಅದರಿಂದ ನನಗೇನಾದ್ರೂ ವ್ಯತ್ಯಾಸ ಆಗುತ್ತಾ?

ಉಪ್ಪುಕಾಗದ:

ಪ್ಯಾಡ್ ಹಾಕಿದ ಮೊದಲ ಗೇಮ್‌ನಲ್ಲಿ ಚೆನ್ನಾಗಿ ಹಿಡಿದು, ಒಂದೇ ರಾತ್ರಿಯಲ್ಲಿ ಮತ್ತೆ ಮಂಕಾದ್ರೆ ಕವರ್ ತುಂಬ ಆಯಿಲ್ ಇದೆ ಅಂತ. ಬೆಚ್ಚಗಿನ ಜಾಗದಲ್ಲಿಟ್ಟಾಗ ಮೈಮೇಲೆ ಜಿಡ್ಡು ಬೆವರಿದಂತೆ ಬರೋದೂ ಅದೇ ಗುರುತು. ರಿಯಾಕ್ಟಿವ್ ಕವರ್‌ಗೆ ಸೂಕ್ಷ್ಮ ರಂಧ್ರ ಇರೋದ್ರಿಂದ ಆಯಿಲ್ ಹೀರೋದು ಅದರ ಹುಟ್ಟುಗುಣ.

ತೆಗೆಯುವ ಕ್ರಮ: ಮೊದಲು 500 ಹಾಕಿ ರಂಧ್ರ ತೆರೆಯಿರಿ, ಆಮೇಲೆ ಬಿಸಿನೀರು. ಥಂಬ್ ಸ್ಲಗ್ (ಹೆಬ್ಬೆರಳ ತೂತಿನೊಳಗಿನ ತುಂಡು) ಬಿಚ್ಚಿಟ್ಟು, ಬೆರಳ ತೂತುಗಳಿಗೆ ಟೇಪ್ ಅಂಟಿಸಿ (ಬಿಸಿನೀರಿಗೆ ಇನ್ಸರ್ಟ್‌ನ ಅಂಟು ಬಿಡುತ್ತೆ). ಬಕೆಟ್‌ನಲ್ಲಿ 50–55 ಡಿಗ್ರಿ ಸೆಲ್ಸಿಯಸ್ ನೀರು, ಪಾತ್ರೆ ತೊಳೆಯುವ ಸೋಪು ನಾಲ್ಕು ಹನಿ, 20 ನಿಮಿಷ. ತೆಗೆದು ಒರೆಸಿ, ನೀರು ಬದಲಿಸಿ, ನೀರಿನ ಮೇಲೆ ಜಿಡ್ಡು ತೇಲೋದು ನಿಲ್ಲುವ ತನಕ ಹೀಗೇ. 60 ಡಿಗ್ರಿ ದಾಟಿಸಬೇಡಿ. ಅಡುಗೆ ಓವನ್, ಡಿಶ್‌ವಾಷರ್ ಯಾವುದೂ ಬೇಡ, ಕವರ್ ಬಿರುಕು ಬಿಡುತ್ತೆ. ಒಂದು ದಿನ ಆರಲು ಬಿಟ್ಟು ಆಮೇಲೆ 500, 2000. ನೀರಿನ ರಗಳೆ ಬೇಡ ಅಂದ್ರೆ ಪ್ರೊ ಶಾಪ್‌ನ ಬಾಲ್ ಓವನ್‌ಗೆ ಕೊಡಿ.

ಮುಂದಕ್ಕೆ, ಪ್ರತಿ ಶಾಟ್‌ಗೂ ಮುಂಚೆ ಮೈಕ್ರೋಫೈಬರ್‌ನಲ್ಲಿ ಒರೆಸಿ. ಆಟ ಮುಗಿದ ತಕ್ಷಣ, ಬಾಲ್ ಬೆಚ್ಚಗಿರುವಾಗಲೇ ಕ್ಲೀನರ್ ಹಾಕಿ. ಮನೆಗೆ ಹೋಗಿ ಮಾಡ್ತೀನಿ ಅಂದ್ರೆ ಅಷ್ಟರಲ್ಲಿ ಒಳಗಿಳಿದಿರುತ್ತೆ. ಮಿಶಿಗನ್ ಚಳಿಗೆ ಬಾಲನ್ನು ಕಾರಿನ ಡಿಕ್ಕಿಯಲ್ಲೂ ಬಿಡಬೇಡಿ. ತಣ್ಣಗಾದ ಕವರ್ ಗಟ್ಟಿಯಾಗುತ್ತೆ, ಮೊದಲ ಗೇಮ್ ಪೂರ್ತಿ ಜಾರುತ್ತೆ.

ಮೂರನೇ ಆ್ಯರೋ:

ಯುರೆಥೇನ್ ವ್ಯತ್ಯಾಸ ಮಾಡುತ್ತೆ, ಅದೂ ನಿಮ್ಮ ಲೈನ್ ಹತ್ತಿರವೇ ಅವರೂ ಆಡಿದ್ರೆ. ರಿಯಾಕ್ಟಿವ್ ಬಾಲ್ ಲೇನ್‌ನ ಆಯಿಲ್ ಹೀರಿ ಎತ್ತಿಕೊಂಡು ಹೋಗುತ್ತೆ. ಯುರೆಥೇನ್ ಅಷ್ಟು ಹೀರಲ್ಲ, ಸ್ವಲ್ಪ ಆಯಿಲ್ ಮುಂದಕ್ಕೆ ಎಳೆದು ಒಣ ಜಾಗಕ್ಕೆ ಬಳಿಯುತ್ತೆ. ಒಂದೂವರೆ ಗೇಮ್ ಆದ ಮೇಲೆ, ಅದೇ ಲೈನ್, ಅದೇ ವೇಗ, ಆದರೂ ಬಾಲ್ ಪಿನ್ ಹತ್ತಿರ ತಡವಾಗಿ ತಿರುಗ್ತಿದೆ ಅನ್ನಿಸಿದ್ರೆ ಅದು ಇದೇ. ಆಗ ಗುರಿ ಹಾಗೇ ಇಟ್ಟು ಪಾದ ಒಂದು ಬೋರ್ಡ್ ಬಲಕ್ಕೆ.

ಇನ್ನೊಂದು ಬದಲಾವಣೆಯೂ ಜೊತೆಗೇ ನಡೀತಿರುತ್ತೆ. ಎಲ್ಲರ ಒರಟು ಬಾಲ್‌ಗಳು ಮುಂಭಾಗದ ಆಯಿಲ್ ತಿಂದುಹಾಕ್ತವೆ. ಬಾಲ್ ಆ್ಯರೋ ದಾಟಿದ ಕೂಡಲೇ ಎಡಕ್ಕೆ ವಾಲೋಕೆ ಶುರುವಾದ್ರೆ, ಪಾಕೆಟ್ ಬಿಟ್ಟು ಹೆಡ್ ಪಿನ್‌ನ (1ನೇ ಪಿನ್) ನಡುಮಧ್ಯಕ್ಕೆ ಹೊಡೆದ್ರೆ, ಪಾದ ಎರಡು ಬೋರ್ಡ್ ಎಡಕ್ಕೆ, ಗುರಿ ಒಂದು ಬೋರ್ಡ್ ಎಡಕ್ಕೆ. ಹಾಗೆ ಎರಡು ಸಲ ಸರಿದ ಮೇಲೂ ಹಾಗೇ ಆದ್ರೆ 500/2000 ಬಾಲನ್ನು ಚೀಲಕ್ಕೆ ಹಾಕಿ, ಇದಕ್ಕಿಂತ ನಯವಾದ ಹೈಬ್ರಿಡ್ (ಸಾಲಿಡ್, ಪರ್ಲ್ ಬೆರೆತ ಕವರ್‌ನ ಬಾಲ್) ತೆಗೀರಿ. ಹಣ ಖರ್ಚು ಮಾಡಲೇಬೇಕು ಅಂತಿದ್ರೆ ನಿಮಗೆ ಬೇಕಾದ ಎರಡನೇ ಬಾಲ್ ಅದು, ಹೆವಿ ಆಯಿಲ್‌ದಲ್ಲ.